ವಾಚನಾಲಯಕ್ಕೆ ವೆಬ್ ಪ್ರೋಗ್ರಾಮಿಂಗಿನ ದಪ್ಪ ರೆಫರೆನ್ಸ್ ಪುಸ್ತಕ ತೆಗೆಯಬಹುದಾ? ಅಂಗಡಿಯಲ್ಲಿ ನಿಂತು ಹೇಗೆ ಅಳೆಯೋದು?

ಪಯಸ್ವಿನಿ_ದಡ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಮುಳ್ಳೇರಿಯದ ಕಡೆ ಒಂದು ಸಣ್ಣ ವಾಚನಾಲಯವನ್ನು ನಾವು ನಾಲ್ಕೈದು ಜನ ಸೇರಿ ನಡೆಸುತ್ತಿದ್ದೇವೆ. ಲೈಬ್ರರಿ ಕೌನ್ಸಿಲಿನ ಗ್ರಾಂಟು ಬಂದಾಗ ಪುಸ್ತಕ ತೆಗೆಯೋದು ನನ್ನ ಕೆಲಸ. ಇಷ್ಟು ವರ್ಷ ಕಾದಂಬರಿ, ಕವನ, ಮಕ್ಕಳ ಕಥೆ, ಯಕ್ಷಗಾನ ಪ್ರಸಂಗ ಅಂತ ತರುತ್ತಿದ್ದೆ. ಅದರಲ್ಲಿ ನನಗೆ ಕಷ್ಟ ಇಲ್ಲ. ಎರಡು ಪುಟ ಓದಿದರೆ ಗೊತ್ತಾಗುತ್ತೆ.

ಈ ಸಲ ಹುಡುಗರು ಬಂದು ಬೇರೆಯೇ ಕೇಳಿದರು. ಆರು ಜನ. ಪ್ಲಸ್ ಟೂ ಕಲಿಯುವವರು, ಬಿಸಿಎ ಓದುವವರು. ವೆಬ್ ಪ್ರೋಗ್ರಾಮಿಂಗಿಗೆ ಒಂದು ರೆಫರೆನ್ಸ್ ಪುಸ್ತಕ ಬೇಕಂತೆ. ಅವರು ತೋರಿಸಿದ ಪುಸ್ತಕ 1,080 ಪುಟ ಉಂಟು. ರಿಯಾಯಿತಿ ಕಳೆದು 1,200 ರೂಪಾಯಿ. ಆ ದುಡ್ಡಿಗೆ ಆರೇಳು ಒಳ್ಳೆ ಕನ್ನಡ ಕಾದಂಬರಿ ಬರುತ್ತವೆ. ಸಮಿತಿಯಲ್ಲಿ ಒಬ್ಬರು ಹಿರಿಯರು, "ಎರಡು ವರ್ಷದಲ್ಲಿ ಹಳತಾಗುವ ಪುಸ್ತಕಕ್ಕೆ ಇಷ್ಟು ಹಣ ಯಾಕೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಆದರೆ ಆ ಹುಡುಗರನ್ನು ಸುಮ್ನೆ ವಾಪಸ್ ಕಳಿಸಲು ಮನಸ್ಸಿಲ್ಲ. ಶನಿವಾರ ಪುಸ್ತಕದಂಗಡಿಗೆ ಹೋಗುತ್ತೇನೆ. ಅರ್ಧ ಗಂಟೆ ನಿಂತು ನೋಡಲು ಬಿಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಏನು ನೋಡಬೇಕು, ತಿಳಿದವರು ಹೇಳಿ.

ಉಪ್ಪಳ_ಲೋಕಲ್

ಅಣ್ಣ, ನೇರ ಹೇಳುತ್ತೇನೆ, ಬೇಜಾರು ಮಾಡಬೇಡಿ. ತೆಗೆಯಬೇಡಿ.

ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಇದೇ ಕೆಲಸ ಮಾಡುವವನು ನಾನು. ಒಂಬತ್ತು ವರ್ಷ ಆಯ್ತು. ಒಂದು ಟ್ಯಾಗಿನ ಬಗ್ಗೆ, ಅಂದರೆ ಪುಟದ ಭಾಗಗಳನ್ನು ಗುರುತಿಸುವ ಕೋಡಿನ ಬಗ್ಗೆ, ಅನುಮಾನ ಬಂದರೆ ಎಂಡಿಎನ್ ಅನ್ನುವ ವೆಬ್ ಕೈಪಿಡಿ ತೆರೆಯುತ್ತೇನೆ. 2005ರಿಂದ ಇರುವ ತಾಣ, ಪೂರ್ತಿ ಉಚಿತ. ಯಾವ ಬ್ರೌಸರಿನಲ್ಲಿ ಯಾವುದು ನಡೆಯುತ್ತೆ ಅನ್ನುವ ಪಟ್ಟಿಯೂ ಅಲ್ಲೇ ಉಂಟು. ಪುಟ ಕಟ್ಟುವ ಭಾಷೆ ಎಚ್‌ಟಿಎಂಎಲ್‌ಗೆ ಈಗ ಆವೃತ್ತಿ ಸಂಖ್ಯೆಯೇ ಇಲ್ಲ. ಎಚ್‌ಟಿಎಂಎಲ್5 ಅಂತ 2014ರಲ್ಲಿ ವೆಬ್ ಮಾನಕ ಮಾಡುವ ಸಂಸ್ಥೆ ಡಬ್ಲ್ಯೂ3ಸಿ ಮುದ್ರೆ ಒತ್ತಿತು. 2019ರಲ್ಲಿ ಅವರೂ ಬ್ರೌಸರ್ ಮಾಡುವವರ ವಾಟ್‌ಡಬ್ಲ್ಯೂಜಿ ಕೂಟವೂ ಒಪ್ಪಂದ ಮಾಡಿಕೊಂಡರು. ಆಮೇಲೆ ಒಂದೇ ಮಾನಕ, ಅದನ್ನು ನಿರಂತರ ತಿದ್ದುತ್ತಾ ಇರುತ್ತಾರೆ. ಪುಟಕ್ಕೆ ಕೆಲಸ ಮಾಡಿಸುವ ಭಾಷೆ ಜಾವಾಸ್ಕ್ರಿಪ್ಟಿನ ಮಾನಕ 2015ರಿಂದ ಪ್ರತಿ ವರ್ಷ ಹೊಸದು ಬರುತ್ತೆ. ಅಚ್ಚಾದ ಪುಸ್ತಕ ಇದರ ಹಿಂದೆ ಎಷ್ಟು ಓಡೀತು?

ಆ 1,200 ರೂಪಾಯಿಯನ್ನು ವಾಚನಾಲಯದ ಇಂಟರ್ನೆಟ್ಟಿಗೆ ಹಾಕಿದರೆ ಹುಡುಗರಿಗೆ ಅದೇ ಉಪಕಾರ.

ಪಯಸ್ವಿನಿ_ದಡ

ಅದೇ ಕಷ್ಟ. ಪುಸ್ತಕಕ್ಕೆ ಅಂತ ಬಂದ ದುಡ್ಡು ಪುಸ್ತಕಕ್ಕೇ ಹೋಗಬೇಕು. ಇಂಟರ್ನೆಟ್ ಉಂಟು. ಆದರೆ ಜೂನ್ ಬಂದರೆ ಲೈನು ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಮರ ಬಿದ್ದರೆ ಕರೆಂಟೂ ಹೋಯ್ತು.

ಮಲ್ಲಿಗೆ_ಮನೆ

ಉಪ್ಪಳದ ಅಣ್ಣ, ನೀವು ಹೇಳಿದ್ದು ನಿಮಗೆ ಸರಿ. ಏನು ಹುಡುಕಬೇಕು ಅಂತ ನಿಮಗೆ ಮೊದಲೇ ಗೊತ್ತು. ಕಲಿಯುವವರಿಗೆ ಅದೇ ಗೊತ್ತಿರುವುದಿಲ್ಲ.

ನಾನು ಪೆರ್ಲದ ಹತ್ತಿರದವಳು. ಎರಡನೇ ಮಗು ಆದ ಮೇಲೆ ಮನೆಯಲ್ಲೇ ಕೂತು ವೆಬ್‌ಸೈಟ್ ಮಾಡಲು ಕಲಿತೆ. ಈಗ ಅದೇ ನನ್ನ ದುಡಿಮೆ. ಆಗ ಒಂದು ಹಳೆ ರೆಫರೆನ್ಸ್ ಪುಸ್ತಕ ಇತ್ತು. ರಾತ್ರಿ ಮಗು ಮಲಗಿದ ಮೇಲೆ ಅದನ್ನು ಪುಟ ಪುಟ ತಿರುವುತ್ತಿದ್ದೆ. ಒಂದು ದಿನ ಬೇರೆ ಎಂತದೋ ಹುಡುಕುವಾಗ ಪಕ್ಕದ ಪುಟದಲ್ಲಿ ಲೇಬಲ್ ಟ್ಯಾಗ್ ಕಂಡಿತು. ಫಾರ್ಮಿನಲ್ಲಿ ಹೆಸರು, ಊರು ಅಂತ ಬರೆಯುತ್ತೇವಲ್ವಾ, ಆ ಬರಹವನ್ನು ಲೇಬಲ್ಲಿನೊಳಗೆ ಹಾಕಿ ಅದರ ಪೆಟ್ಟಿಗೆಗೆ ಜೋಡಿಸಿದರೆ ಬರಹ ಮುಟ್ಟಿದರೂ ಸಾಕು, ಪೆಟ್ಟಿಗೆಗೆ ಕರ್ಸರ್ ಬರುತ್ತೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಆ ಪೆಟ್ಟಿಗೆ ಎಂತದ್ದು ಅಂತ ಓದಿ ಹೇಳುತ್ತೆ. ಅಷ್ಟರವರೆಗೆ ನಾನು ಎಷ್ಟೋ ಫಾರ್ಮು ಲೇಬಲ್ ಇಲ್ಲದೆ ಮಾಡಿದ್ದೆ. ಫಾರ್ಮು ಕೆಲಸ ಮಾಡುತ್ತಿತ್ತು, ತಪ್ಪು ಅಂತ ಯಾರೂ ಹೇಳಲಿಲ್ಲ. ಹಾಗಾಗಿ ನಾನೂ ಹುಡುಕಲಿಲ್ಲ.

ಮೊಬೈಲಿನಲ್ಲಿ ಕೇಳಿದ್ದಕ್ಕೆ ಉತ್ತರ ಸಿಗುತ್ತೆ. ಕೇಳದೆ ಇದ್ದದ್ದು ಸಿಕ್ಕಿದ್ದು ನನಗೆ ಪುಸ್ತಕದಲ್ಲೇ. ಅಣ್ಣ, ತೆಗೆಯಿರಿ. ಆದರೆ ನೋಡಿ ತೆಗೆಯಿರಿ.

ಕುಂಬಳೆ_ಸೀಮೆ

ದಪ್ಪ ನೋಡಬೇಡಿ ಮಾರಾಯ್ರೆ. ಹಿಂದಿನ ರಟ್ಟಿನಲ್ಲಿ ಬರೆದದ್ದನ್ನೂ ನೋಡಬೇಡಿ. ಒಂದು ವಿಷಯ ತೆಗೆದುಕೊಂಡು ಹೋಗಿ, ಅದರ ಬಗ್ಗೆ ಪುಸ್ತಕ ಏನು ಹೇಳುತ್ತೆ ಅಂತ ಓದಿ. ನನ್ನ ಅನುಭವ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಯಕ್ಷಗಾನದ ಕಾರ್ಯಕ್ರಮಗಳ ಒಂದು ಪುಟ ಮಾಡಿಕೊಟ್ಟೆ. ಏಪ್ರಿಲ್ ಕೊನೆಯಲ್ಲಿ ಮಾಡಿದ್ದು, ಮೇ ತಿಂಗಳ ಆಟಗಳ ಪಟ್ಟಿ. ತಾರೀಕು, ತಿಂಗಳು ಅಂತ ಅಂಕೆ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಜೋಡಿಸಿ ತೋರಿಸಬೇಕು. ಮೇ ಅಂದರೆ 5 ಅಂತ ಹಾಕಿದೆ. ಪುಟ ಚಂದ ಬಂತು, ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಒಬ್ಬರು ಅಜ್ಜನ ಫೋನ್. "ಪತ್ತನಾಜೆ ಕಳೆದ ಮೇಲೆ ಎಂತ ಮೇಳದ ಆಟ ಮಾರಾಯ? ಜೂನ್ 20 ಅಂತ ಹಾಕಿದ್ದೀಯಲ್ಲ!"

ಹೊರಗಿನವರಿಗೆ ಹೇಳುವುದಾದರೆ, ಮೇ 24ರ ಸುಮಾರಿಗೆ ಪತ್ತನಾಜೆ. ಅಂದಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ತಿರುಗಾಟ ಮುಗಿಯುತ್ತೆ. ಜೂನಿನ ಮಳೆಯಲ್ಲಿ ಬಯಲಾಟ ಎಲ್ಲಿಂದ?

ಆದದ್ದು ಇಷ್ಟೇ. ಜಾವಾಸ್ಕ್ರಿಪ್ಟಿನ ಡೇಟ್‌ಗೆ ಹೀಗೆ ಅಂಕೆ ಕೊಡುವಾಗ ತಿಂಗಳ ಎಣಿಕೆ ಸೊನ್ನೆಯಿಂದ ಶುರು. ಜನವರಿ 0, ಮೇ 4, ಜೂನ್ 5. ತಾರೀಕು ಮಾತ್ರ 1ರಿಂದಲೇ. ನನ್ನ ಹತ್ತಿರ ಆಗ ಎರಡು ಪುಸ್ತಕ ಇದ್ದವು. ಒಂದರಲ್ಲಿ ಡೇಟ್ ಅನ್ನುವ ಕಡೆ ಎಲ್ಲಾ ಫಂಕ್ಷನ್‌ಗಳ ಪಟ್ಟಿ ಇತ್ತು, ಒಂದೊಂದಕ್ಕೂ ಒಂದು ಸಾಲು. "ಗೆಟ್‌ಮಂತ್: ತಿಂಗಳನ್ನು ಕೊಡುತ್ತೆ." ಅಷ್ಟೇ. ಇನ್ನೊಂದರಲ್ಲಿ ಅದೇ ಸಾಲಿನಲ್ಲಿ "0ರಿಂದ 11ರವರೆಗೆ" ಅಂತಲೂ ಇತ್ತು, ಕೆಳಗೆ ಒಂದು ಉದಾಹರಣೆಯೂ ಇತ್ತು. ಮೊದಲನೆಯದು 300 ಪುಟ ಜಾಸ್ತಿ ದಪ್ಪ. ನನಗೆ ಬೇಕಾಗಿದ್ದದ್ದು ಎರಡನೆಯದರ ಆ ಎರಡು ಪದ.

ಹಾಗಾಗಿ ಅಂಗಡಿಯಲ್ಲಿ ಮೊದಲು ಡೇಟ್ ತೆರೆಯಿರಿ. ತಿಂಗಳು ಸೊನ್ನೆಯಿಂದ ಅಂತ ಅಲ್ಲೇ ಬರೆದಿದೆಯಾ ನೋಡಿ. ಬರೆದಿದ್ದರೆ ಆ ಪುಸ್ತಕ ಬರೆದವರು ಸ್ವತಃ ಎಡವಿದವರು, ನಮ್ಮನ್ನು ಎಡವದ ಹಾಗೆ ನೋಡಿಕೊಳ್ಳುತ್ತಾರೆ.

ಚಾಕ್‌ಪೀಸು

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಪಾಠ ಮಾಡುವವನಾಗಿ ಒಂದೆರಡು ಮಾತು.

ಮೊದಲನೆಯದು, ಇದು ಪಾಠಪುಸ್ತಕ ಅಲ್ಲ, ನಿಘಂಟಿನ ಹಾಗೆ ಅಂತ ಮಕ್ಕಳಿಗೆ ಮೊದಲೇ ಹೇಳಬೇಕು. ಎ ಅಕ್ಷರದಿಂದ ಓದಲು ಕೂತರೆ ಮೂರನೇ ದಿನ ಬಿಟ್ಟುಬಿಡುತ್ತಾರೆ. ಆಮೇಲೆ "ನನಗೆ ಇದು ಆಗುವುದಿಲ್ಲ" ಅಂತ ತಮ್ಮ ಮೇಲೆಯೇ ತಪ್ಪು ಹಾಕಿಕೊಳ್ಳುತ್ತಾರೆ. ಇದನ್ನು ನಾನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ, ಪ್ರತಿ ಸಲ ಸಂಕಟ ಆಗುತ್ತೆ.

ಎರಡನೆಯದು ಇಂಗ್ಲಿಷ್. ನಮ್ಮ ಮಕ್ಕಳಿಗೆ ಕಂಪ್ಯೂಟರ್ ಹೊಸದಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಹಿಂದಿನಿಂದ ಉಂಟು, ಲಿನಕ್ಸ್ ಆಧಾರದ ಉಚಿತ ತಂತ್ರಾಂಶ ಬಳಸಿಯೇ ಕಲಿಯುತ್ತಾರೆ, ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತೆ. ಆದರೆ ಅಲ್ಲಿಂದ ನೇರ ಸಾವಿರ ಪುಟದ ಇಂಗ್ಲಿಷಿಗೆ ಹಾರುವುದು ಕಷ್ಟ. ಪುಸ್ತಕದ ಯಾವುದಾದರೂ ಒಂದು ಪ್ಯಾರಾ ಓದಿ ನೋಡಿ. ಒಂದು ವಾಕ್ಯ ಮುಗಿಯುವಾಗ ಅದರ ಆರಂಭ ಮರೆತುಹೋದರೆ ಅದು ನಮ್ಮ ಮಕ್ಕಳಿಗಲ್ಲ. ಸಣ್ಣ ವಾಕ್ಯ, ಪಕ್ಕದಲ್ಲೇ ಐದಾರು ಸಾಲಿನ ಕೋಡು, ಅದು ಓಡಿದರೆ ಪರದೆಯಲ್ಲಿ ಏನು ಕಾಣುತ್ತೆ ಅನ್ನುವ ಚಿತ್ರ. ಈ ಮೂರೂ ಇದ್ದರೆ ಇಂಗ್ಲಿಷ್ ಅರ್ಧ ಬಂದರೂ ಸಾಕು.

ಉಪ್ಪಳ_ಲೋಕಲ್

ಮಲ್ಲಿಗೆ ಅಕ್ಕ ಹೇಳಿದ್ದನ್ನು ಇವತ್ತು ರೈಲಿನಲ್ಲಿ ಕೂತು ಯೋಚಿಸಿದೆ. ಆ ಲೇಬಲ್ಲಿನ ಮಾತು ನಿಜ. ನಾನೂ ಕಲಿತದ್ದು ಕಾಲೇಜಿನ ಲೈಬ್ರರಿಯ ಪುಸ್ತಕದಿಂದಲೇ. "ತೆಗೆಯಬೇಡಿ" ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಹಳತಾಗುವ ವಿಷಯದಲ್ಲಿ ನಿಮ್ಮ ಸಮಿತಿಯ ಹಿರಿಯರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ.

ವೆಬ್‌ನಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಎಚ್‌ಟಿಎಂಎಲ್ ಬಹಳ ನಿಧಾನ. ಶೀರ್ಷಿಕೆ, ಪ್ಯಾರಾ, ಪಟ್ಟಿ, ಕೊಂಡಿ, ಫಾರ್ಮು ಇವು ಇಪ್ಪತ್ತು ವರ್ಷದ ಹಿಂದೆಯೂ ಇದ್ದವು, ಈಗಲೂ ಅವೇ. ಪುಟ ಸಿಗದಿದ್ದರೆ 404, ಪುಟ ಶಾಶ್ವತವಾಗಿ ಬೇರೆ ಕಡೆ ಹೋಗಿದ್ದರೆ 301, ಈ ಸಂಖ್ಯೆಗಳೂ ಹಾಗೆ. ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್‌ನ ಮೂಲ ಮಾತುಗಳೂ ಹಾಗೆಯೇ. ಇಲ್ಲಿ ಹತ್ತು ವರ್ಷದ ಪುಸ್ತಕವೂ ನಡೆಯುತ್ತೆ.

ಪುಟಕ್ಕೆ ಅಲಂಕಾರ ಕೊಡುವ ಸಿಎಸ್‌ಎಸ್‌ನಲ್ಲಿ ಬಣ್ಣ, ಅಕ್ಷರದ ಗಾತ್ರ, ಅಂಚು ಇವೆಲ್ಲ ಹಳೆಯವೇ. ಆದರೆ ಪುಟವನ್ನು ಕಂಬ ಕಂಬವಾಗಿ ಜೋಡಿಸುವ ರೀತಿ ಬದಲಾಗಿದೆ. ಮೊದಲು ಟೇಬಲ್ಲು, ಆಮೇಲೆ ಫ್ಲೋಟ್, ಆಮೇಲೆ ಫ್ಲೆಕ್ಸ್‌ಬಾಕ್ಸ್. ಗ್ರಿಡ್ ಅನ್ನುವುದು ಮುಖ್ಯ ಬ್ರೌಸರುಗಳಿಗೆ ಬಂದದ್ದು 2017ರಲ್ಲಿ. ಹಾಗಾಗಿ ಇಂಡೆಕ್ಸಿನಲ್ಲಿ ಗ್ರಿಡ್ ಹುಡುಕಿ. ಇಲ್ಲದಿದ್ದರೆ ಪುಸ್ತಕದ ವಯಸ್ಸು ಗೊತ್ತಾಯ್ತು.

ಜಾವಾಸ್ಕ್ರಿಪ್ಟಿನಲ್ಲಿ 2015 ಒಂದು ಗಡಿ. ಅದಕ್ಕೆ ಮೊದಲಿನ ಪುಸ್ತಕದಲ್ಲಿ ವೇರಿಯೇಬಲ್ ಹೆಸರಿಸಲು "ವಾರ್" ಮಾತ್ರ ಇರುತ್ತೆ. "ಲೆಟ್", "ಕಾನ್‌ಸ್ಟ್" ಇರುವುದಿಲ್ಲ. ಹಳೆ ಕೋಡು ಈಗಲೂ ಓಡುತ್ತೆ, ಅದು ವೆಬ್‌ನ ದೊಡ್ಡ ಗುಣ. ಆದರೆ ಹೊಸಬರು ಬೇರೆಯವರ ಇವತ್ತಿನ ಕೋಡು ಓದುವಾಗ ಹಳೆ ಪುಸ್ತಕ ಕೈಕೊಡುತ್ತೆ.

ಬೇಗ ಹಳತಾಗುವುದು ಸರ್ವರ್ ಕಡೆಯದ್ದು. ಇಲ್ಲಿ ಬರೀ ಹಳತಲ್ಲ, ಅಪಾಯವೂ ಉಂಟು. ಸರ್ವರಿನಲ್ಲಿ ಓಡುವ ಭಾಷೆ ಪಿಎಚ್‌ಪಿಯ ಅಧ್ಯಾಯ ಇದ್ದರೆ ಡೇಟಾಬೇಸಿಗೆ ಸಂಪರ್ಕ ಮಾಡುವ ಪುಟ ತೆರೆಯಿರಿ. ಅಲ್ಲಿ "ಮೈಎಸ್‌ಕ್ಯೂಎಲ್ ಅಂಡರ್‌ಸ್ಕೋರ್ ಕನೆಕ್ಟ್" ಅಂತ ಇದ್ದರೆ ಪುಸ್ತಕ ಮುಚ್ಚಿ ಕೆಳಗಿಡಿ. ಆ ಗುಂಪಿನ ಫಂಕ್ಷನ್‌ಗಳನ್ನೆಲ್ಲ 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಪೂರ್ತಿ ಕಿತ್ತುಹಾಕಿದ್ದಾರೆ. ಮಕ್ಕಳು ಅದನ್ನು ಬರೆದರೆ ಓಡುವುದೇ ಇಲ್ಲ. ಯಾಕೆ ಅಂತ ಪುಸ್ತಕ ಹೇಳುವುದಿಲ್ಲ.

ಇನ್ನೊಂದು ನೋಡಲೇಬೇಕು. ಬಳಕೆದಾರ ಕೊಟ್ಟ ಹೆಸರನ್ನು ಹಾಗೆಯೇ ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸುವ ಉದಾಹರಣೆ ಇದೆಯಾ? ನಮ್ಮ ಕಡೆ ಡಿ'ಸೋಜ ಅಂತ ಹೆಸರಿನವರು ಎಷ್ಟು ಜನ ಇಲ್ವಾ. ಇಂಗ್ಲಿಷಿನಲ್ಲಿ ಆ ಹೆಸರು ಬರೆಯುವಾಗ ಡಿ ಆದ ಮೇಲೆ ಮೇಲ್ಗಡೆ ಒಂದು ಕೊಕ್ಕೆ ಬರುತ್ತೆ. ಅಂಟಿಸಿದ ವಾಕ್ಯ ಆ ಕೊಕ್ಕೆಗೆ ತುಂಡಾಗುತ್ತೆ, ಡಿ'ಸೋಜರ ಅರ್ಜಿ ದಾಖಲಾಗುವುದೇ ಇಲ್ಲ. ಅದೇ ಬಿರುಕಿನಲ್ಲಿ ಕಳ್ಳರು ತಮ್ಮ ಆಜ್ಞೆಯನ್ನು ತೂರಿಸಿ ಇಡೀ ಪಟ್ಟಿ ಕದಿಯಬಹುದು. ಸರಿಯಾದ ಪುಸ್ತಕ ಮೊದಲ ಉದಾಹರಣೆಯಿಂದಲೇ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ವಾಕ್ಯ ಮೊದಲೇ ಕಟ್ಟಿ ಹೆಸರನ್ನು ಬೇರೆಯಾಗಿ ಕೊಡುವ ರೀತಿ, ಕಲಿಸುತ್ತೆ. "ಸುರಕ್ಷತೆ" ಅಂತ ಕೊನೆಗೆ ಒಂದು ಅಧ್ಯಾಯ ಇಟ್ಟು, ಅದಕ್ಕಿಂತ ಮೊದಲಿನ 800 ಪುಟದಲ್ಲಿ ತಪ್ಪು ದಾರಿ ತೋರಿಸಿದರೆ ಪ್ರಯೋಜನ ಇಲ್ಲ. ಹುಡುಗರು ನಕಲು ಮಾಡುವುದು ಉದಾಹರಣೆಯನ್ನು.

ಬಿಸಿಎ_ಮೂರನೇ_ವರ್ಷ

ಅಣ್ಣ, ಆ ಆರು ಜನರಲ್ಲಿ ನಾನೂ ಒಬ್ಬ. ನಮಗಾಗಿ ಇಷ್ಟು ಬರೆಯುತ್ತಿದ್ದೀರಿ, ತುಂಬಾ ಸಂತೋಷ ಆಯ್ತು. ಒಂದು ಕೇಳಲಿಕ್ಕೆ ಉಂಟು. ಸೀನಿಯರ್ ಒಬ್ಬರು ಕೊಟ್ಟ ಹಳೆ ಪುಸ್ತಕ ನನ್ನ ಹತ್ತಿರ ಇದೆ, 2009ರದ್ದು. ಪುಟದಲ್ಲಿ ಚಲಿಸುವ ಚಿತ್ರ, ಆಟ ಹಾಕುವ ಫ್ಲ್ಯಾಶ್ ಬಗ್ಗೆಯೇ ಎರಡು ಅಧ್ಯಾಯ ಉಂಟು. ಅದನ್ನು ರದ್ದಿಗೆ ಹಾಕಬೇಕಾ?

ಉಪ್ಪಳ_ಲೋಕಲ್

ಫ್ಲ್ಯಾಶ್ ಅಧ್ಯಾಯ ಬಿಡು ತಮ್ಮ. 2020ರ ಕೊನೆಗೆ ಅಡೋಬಿಯವರೇ ಫ್ಲ್ಯಾಶ್ ನಿಲ್ಲಿಸಿದರು. ಉಳಿದದ್ದರಲ್ಲಿ ಎಚ್‌ಟಿಎಂಎಲ್ ಮತ್ತು ಎಸ್‌ಕ್ಯೂಎಲ್ ಓದು. ಫಾಂಟ್ ಟ್ಯಾಗ್, ಸೆಂಟರ್ ಟ್ಯಾಗ್ ಬಳಸಿದ್ದು ಕಂಡರೆ ಪೆನ್ಸಿಲಿನಲ್ಲಿ ಗೀಟು ಹಾಕು, ಆ ಕೆಲಸ ಈಗ ಸಿಎಸ್‌ಎಸ್‌ದು. ರದ್ದಿಗೆ ಹಾಕಬೇಡ.

ಕುಂಬಳೆ_ಸೀಮೆ

ಒಂದು ದೊಡ್ಡ ವಿಷಯ ಬಾಕಿ ಉಂಟು. ಯಾರೂ ಹೇಳಲಿಲ್ಲ. ನಮ್ಮ ಹುಡುಗರು ಮಾಡುವ ಪುಟ ಯಾವ ಭಾಷೆಯಲ್ಲಿರುತ್ತೆ? ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಒಂದೇ ಪುಟದಲ್ಲಿ ಬರುತ್ತವೆ. ಕಾಸರಗೋಡಿನಲ್ಲಿ ಮದುವೆ ಕಾಗದ ಕೂಡ ಹಾಗೆಯೇ ಅಲ್ವಾ. ಆದರೆ ಹೆಚ್ಚಿನ ಪುಸ್ತಕದ ಉದಾಹರಣೆಗಳೆಲ್ಲ "ಹಲೋ ವರ್ಲ್ಡ್". ಇಂಗ್ಲಿಷ್ ಅಕ್ಷರದಲ್ಲಿ ಕಾಣದ ತೊಂದರೆ ಕನ್ನಡದಲ್ಲಿ ಕಾಣುತ್ತೆ.

"ಕನ್ನಡ" ಅನ್ನುವ ಪದಕ್ಕೆ ಎಷ್ಟು ಅಕ್ಷರ? ನಾವು ಮೂರು ಅನ್ನುತ್ತೇವೆ. ಕ, ನ್ನ, ಡ. ಜಾವಾಸ್ಕ್ರಿಪ್ಟಿನಲ್ಲಿ ಅದರ ಲೆಂಗ್ತ್ ಕೇಳಿದರೆ 5 ಅನ್ನುತ್ತೆ. ಅದು ಕ, ನ, ಅರ್ಧಾಕ್ಷರದ ಗುರುತು (್), ನ, ಡ ಅಂತ ಬಿಡಿಸಿ ಎಣಿಸುತ್ತೆ. ಅಕ್ಷರಗಳನ್ನು ಬೈಟ್ ಆಗಿ ಇಡುವ ಯುಟಿಎಫ್-8 ರೀತಿಯಲ್ಲಿ ಕೂಡಿಟ್ಟರೆ ಒಂದೊಂದಕ್ಕೆ 3 ಬೈಟ್, ಒಟ್ಟು 15 ಬೈಟ್. ಮೂರು, ಐದು, ಹದಿನೈದು. ಒಂದೇ ಪದ.

ಇದು ಪರೀಕ್ಷೆಗೆ ಓದುವ ವಿಷಯ ಅಲ್ಲ. ಒಂದು ಫಾರ್ಮಿನಲ್ಲಿ ಹೆಸರಿಗೆ ಮ್ಯಾಕ್ಸ್‌ಲೆಂಗ್ತ್, ಅಂದರೆ ಗರಿಷ್ಠ ಉದ್ದ, 10 ಅಂತ ಇಟ್ಟಿದ್ದರು. ಇಂಗ್ಲಿಷಿನವರಿಗೆ ಹತ್ತು ಅಕ್ಷರ ಅಂದರೆ ಹತ್ತು ಅಕ್ಷರ. "ಕೃಷ್ಣಪ್ರಸಾದ" ಅಂತ ಬರೆಯಲು ಹೊರಟವರಿಗೆ ಏನಾಯ್ತು ನೋಡಿ. ನಮ್ಮ ಕಣ್ಣಿಗೆ ಕೃ, ಷ್ಣ, ಪ್ರ, ಸಾ, ದ, ಐದೇ ಅಕ್ಷರ. ಯಂತ್ರದ ಎಣಿಕೆಯಲ್ಲಿ ಹನ್ನೊಂದು. "ಕೃಷ್ಣಪ್ರಸಾ" ಅಂತ ಬಂದು ನಿಂತಿತು. ಎಷ್ಟು ಒತ್ತಿದರೂ "ದ" ಬೀಳಲಿಲ್ಲ. ಆ ಮನುಷ್ಯ ಕೀಬೋರ್ಡ್ ಹಾಳಾಗಿದೆ ಅಂದುಕೊಂಡರು.

ಹುಡುಕಾಟದಲ್ಲಿ ಇನ್ನೊಂದು. "ಕಾಸರಗೋಡು" ಅನ್ನುವಾಗ ಗಕ್ಕೆ ಹಚ್ಚುವ ಓತ್ವವನ್ನು, ಎಲ್ಲ ಭಾಷೆಯ ಅಕ್ಷರಕ್ಕೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ, ಒಂದೇ ಗುರುತಾಗಿಯೂ ಬರೆಯಬಹುದು, ಎರಡು ಮೂರು ತುಂಡುಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಒಂದರಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. 2015ರಿಂದ ಜಾವಾಸ್ಕ್ರಿಪ್ಟಿನಲ್ಲಿ ನಾರ್ಮಲೈಸ್ ಅನ್ನುವ ಫಂಕ್ಷನ್ ಉಂಟು, ಎರಡನ್ನೂ ಒಂದೇ ರೂಪಕ್ಕೆ ತರುತ್ತೆ.

ಹಾಗಾಗಿ ಅಂಗಡಿಯಲ್ಲಿ ಇಂಡೆಕ್ಸ್ ತೆರೆದು ಯುನಿಕೋಡ್ ಹುಡುಕಿ. ಯುಟಿಎಫ್-8 ಹುಡುಕಿ. ಪುಟದ ಭಾಷೆ ಹೇಳುವ ಲ್ಯಾಂಗ್ ಆಟ್ರಿಬ್ಯೂಟ್ ಹುಡುಕಿ. ಪುಟ ಕನ್ನಡದ್ದು ಅಂತ ಹೇಳಲು ಕೆಎನ್, ಒಳಗೊಂದು ಪ್ಯಾರಾ ಮಲಯಾಳಂ ಆದರೆ ಅದಕ್ಕೆ ಮಾತ್ರ ಎಂಎಲ್. ಇದನ್ನು ಒಂದು ಪುಟದಷ್ಟಾದರೂ ವಿವರಿಸಿದ ಪುಸ್ತಕ ನಮ್ಮದು. ಒಂದು ಸಾಲಿನಲ್ಲಿ ಮುಗಿಸಿದ್ದು ನಮ್ಮದಲ್ಲ.

ಮಲ್ಲಿಗೆ_ಮನೆ

ಕುಂಬಳೆಯ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸಿ. ಸಾಲಿನ ಎತ್ತರ, ಲೈನ್-ಹೈಟ್. ಇಂಗ್ಲಿಷಿಗೆ ಸರಿಯಾಗುವ ಎತ್ತರ ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತೆ. ಬಟನ್ನಿನೊಳಗೆ "ಅರ್ಜಿ ಸಲ್ಲಿಸಿ" ಅಂತ ಬರೆದಿದ್ದೆ. ಪೆಟ್ಟಿಗೆಗೆ ಎತ್ತರ ಕಟ್ಟಿ, ಹೊರಗೆ ಹೋದದ್ದು ಕಾಣಬಾರದು ಅಂತ ಇಟ್ಟಿದ್ದೆ. ಲ ಒತ್ತು ಅರ್ಧಕ್ಕೆ ತುಂಡಾಗಿ "ಸಲಿಸಿ" ಅಂತ ಕಾಣುತ್ತಿತ್ತು. ಇದು ಯಾವ ಪುಸ್ತಕದಲ್ಲೂ ನಮ್ಮ ಭಾಷೆಯ ಹೆಸರಿನಲ್ಲಿ ಇರಲಿಕ್ಕಿಲ್ಲ. ಆದರೆ ಲೈನ್-ಹೈಟಿಗೆ ಪಿಕ್ಸೆಲ್ ಅಳತೆ ಕೊಡುವುದಕ್ಕಿಂತ ಬರೀ ಸಂಖ್ಯೆ, ಅಂದರೆ 1.6 ಅನ್ನುವ ಹಾಗೆ ಕೊಡುವುದು ಯಾಕೆ ಒಳ್ಳೆಯದು ಅಂತ ಹೇಳಿದ್ದರೆ ಸಾಕು. ಕಾರಣ ಹೇಳುವ ಪುಸ್ತಕದಿಂದ ನಮಗೆ ಬೇಕಾದ್ದನ್ನು ನಾವೇ ಮಾಡಿಕೊಳ್ಳಬಹುದು.

ಪಯಸ್ವಿನಿ_ದಡ · ಶನಿವಾರ ರಾತ್ರಿ

ಹೋಗಿ ಬಂದೆ. ನೀವೆಲ್ಲ ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಬಿಸಿಎ ಹುಡುಗನನ್ನೂ ಕರೆದುಕೊಂಡು ಹೋದೆ. ಅರ್ಧ ಗಂಟೆ ಅಂದದ್ದು ಒಂದೂವರೆ ಗಂಟೆ ಆಯ್ತು. ಅಂಗಡಿಯವರು ಕೂರಲು ಸ್ಟೂಲ್ ಕೊಟ್ಟರು.

ಹುಡುಗರು ಹೇಳಿದ 1,080 ಪುಟದ ಪುಸ್ತಕ ಮೊದಲು. ಡೇಟ್ ತೆರೆದೆವು. ಪಟ್ಟಿ ಉಂಟು, ಒಂದೊಂದು ಸಾಲು. ತಿಂಗಳು ಸೊನ್ನೆಯಿಂದ ಅಂತ ಇಲ್ಲ. ಆದರೂ ಬಿಡಲಿಲ್ಲ, ಮುಂದೆ ನೋಡಿದೆವು. ಗ್ರಿಡ್ ಇದೆ. ಲೆಟ್, ಕಾನ್‌ಸ್ಟ್ ಇವೆ. ಪಿಎಚ್‌ಪಿ ಕಡೆ ಹೊಸ ರೀತಿಯ ಸಂಪರ್ಕವೇ ಇದೆ. ಹುಡುಗನಿಗೆ ಖುಷಿ ಆಯ್ತು. ಆಮೇಲೆ ಡಿ'ಸೋಜರ ಪರೀಕ್ಷೆ. 702ನೇ ಪುಟದಲ್ಲಿ ಲಾಗಿನ್ ಉದಾಹರಣೆ, ಹೆಸರನ್ನು ಹಾಗೇ ವಾಕ್ಯಕ್ಕೆ ಅಂಟಿಸಿದ್ದಾರೆ. ಹೀಗೆ ಮಾಡಬಾರದು ಅಂತ ಬರೆದದ್ದು 966ರಲ್ಲಿ. ಹುಡುಗ ಎರಡೂ ಪುಟಕ್ಕೆ ಬೆರಳಿಟ್ಟು ನನ್ನ ಮುಖ ನೋಡಿದ.

ಇಂಡೆಕ್ಸಿನ ಬಗ್ಗೆ ನಾನೇ ಒಂದು ಕಂಡುಕೊಂಡೆ. ಇಷ್ಟು ವರ್ಷ ಪುಸ್ತಕದ ನಡುವೆ ಇದ್ದವನಿಗೆ ಅಷ್ಟಾದರೂ ಗೊತ್ತಾಗಬೇಕು. "ಫಾರ್ಮ್" ಅನ್ನುವ ಪದದ ಮುಂದೆ ಇಪ್ಪತ್ತಕ್ಕಿಂತ ಜಾಸ್ತಿ ಪುಟಸಂಖ್ಯೆ. ಎಲ್ಲವೂ ಒಂದೇ ಸಮ. ಯಾವುದರಲ್ಲಿ ಮುಖ್ಯ ವಿವರ, ಯಾವುದರಲ್ಲಿ ಸುಮ್ನೆ ಹೆಸರು ಬಂದದ್ದು ಅಂತ ತಿಳಿಯುವ ದಾರಿ ಇಲ್ಲ. ಆರು ಪುಟ ತೆರೆದೆವು. ಆರರಲ್ಲೂ ಹೆಸರು ಮಾತ್ರ. ಏಳನೆಯದರಲ್ಲಿ ವಿವರ ಸಿಕ್ಕಿತು. ಅಷ್ಟೊತ್ತಿಗೆ ಏನು ಹುಡುಕುತ್ತಿದ್ದೆವು ಅಂತಲೇ ಮರೆತಿತ್ತು.

ಅದೇ ಕಪಾಟಿನಲ್ಲಿ ಇನ್ನೊಂದು ಇತ್ತು. 640 ಪುಟ. ಪಿಎಚ್‌ಪಿ ಇಲ್ಲ, ಡೇಟಾಬೇಸ್ ಇಲ್ಲ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮೂರೇ. ಇಂಡೆಕ್ಸ್ 31 ಪುಟ, ಮುಖ್ಯ ಪುಟದ ಸಂಖ್ಯೆ ದಪ್ಪಕ್ಷರದಲ್ಲಿ. ಫಾರ್ಮ್ ಅಂತ ಒಂದೇ ಪದಕ್ಕೆ ಎಲ್ಲ ಸುರಿದಿಲ್ಲ, ಕೆಳಗೆ ಲೇಬಲ್, ಮ್ಯಾಕ್ಸ್‌ಲೆಂಗ್ತ್, ರಿಕ್ವೈರ್ಡ್ ಅಂತ ಬಿಡಿಸಿ ಕೊಟ್ಟಿದ್ದಾರೆ. ಡೇಟ್ ತೆರೆದೆವು. "ಜನವರಿ 0" ಅಂತ ಪೆಟ್ಟಿಗೆ ಕಟ್ಟಿ ಬರೆದಿದ್ದಾರೆ. ಹುಡುಗ "ಪತ್ತನಾಜೆ ಪಾಸು!" ಅಂತ ಕೂಗಿದ, ಅಂಗಡಿಯವರು ತಿರುಗಿ ನೋಡಿದರು.

ಯುನಿಕೋಡ್ ಬಗ್ಗೆ ಎರಡೂವರೆ ಪುಟ ಉಂಟು. ಕನ್ನಡ ಇಲ್ಲ. ಹಿಂದಿಯ ಒಂದು ಪದ ಕೊಟ್ಟು ಎಣಿಕೆ ಯಾಕೆ ಜಾಸ್ತಿ ಬರುತ್ತೆ ಅಂತ ವಿವರಿಸಿದ್ದಾರೆ. ನಾರ್ಮಲೈಸ್ ಇದೆ. ಲ್ಯಾಂಗ್ ಬಗ್ಗೆ ಅರ್ಧ ಪುಟ. ಲೈನ್-ಹೈಟಿಗೆ ಸಂಖ್ಯೆ ಕೊಡುವ ಕಾರಣವೂ ಇದೆ. ಒಂದು ಕೊರತೆ ಕಂಡದ್ದು, ಪರದೆಯ ಚಿತ್ರಗಳು ಕಡಿಮೆ. ಮಾಷ್ಟ್ರು ಹೇಳಿದ ಹಾಗೆ ಒಂದು ಪ್ಯಾರಾ ಗಟ್ಟಿಯಾಗಿ ಓದಿದೆ. ವಾಕ್ಯಗಳು ಸಣ್ಣವು. ನನಗೇ ಸುಮಾರು ಅರ್ಥವಾಯಿತು.

ರಿಯಾಯಿತಿ ಕಳೆದು 760 ರೂಪಾಯಿ. ತೆಗೆದೆ. ಉಳಿದ ದುಡ್ಡಿಗೆ ಮೂರು ಕಾದಂಬರಿ ಬಂತು, ಸಮಿತಿಯ ಹಿರಿಯರಿಗೂ ಸಮಾಧಾನ.

ಉಪ್ಪಳ_ಲೋಕಲ್

ಚೆನ್ನಾಗಿ ನೋಡಿದ್ದೀರಿ ಅಣ್ಣ. ಪಿಎಚ್‌ಪಿ ಇಲ್ಲದ್ದು ಕೊರತೆ ಅಂತ ನಾನು ಹೇಳುವುದಿಲ್ಲ. ಬೇಗ ಹಳತಾಗುವ ಭಾಗ ಅದು, ಅದನ್ನು ಅದರದೇ ಕೈಪಿಡಿಯಲ್ಲಿ ಓದಲಿ. ಪಿಎಚ್‌ಪಿಯವರ ಅಧಿಕೃತ ಕೈಪಿಡಿಯನ್ನು ಪೂರ್ತಿ ಇಳಿಸಿಕೊಳ್ಳಲು ಬರುತ್ತೆ. ವಾಚನಾಲಯದ ಕಂಪ್ಯೂಟರಿನಲ್ಲಿ ಒಮ್ಮೆ ಇಳಿಸಿಟ್ಟರೆ ಲೈನು ಹೋದರೂ ಓದಬಹುದು. ಮುಂದಿನ ಭಾನುವಾರ ಬಂದು ನಾನೇ ಹಾಕಿಕೊಡುತ್ತೇನೆ.

ಚಾಕ್‌ಪೀಸು

ಪುಸ್ತಕದ ಜೊತೆ ಒಂದು 200 ಪುಟದ ನೋಟ್‌ಬುಕ್ ಇಡಿ. ಯಾರಿಗೆ ಏನು ಸಿಕ್ಕಿತೋ, ಯಾವ ಪುಟದಲ್ಲಿ ಸಿಕ್ಕಿತೋ, ಎಲ್ಲಿ ತಪ್ಪು ಅಥವಾ ಹಳತು ಕಂಡಿತೋ, ಕನ್ನಡದಲ್ಲಿ ಬರೆಯಲಿ. ಕನ್ನಡಕ್ಕೆ ಎಣಿಕೆ ಹೇಗೆ ಬರುತ್ತೆ ಅನ್ನುವುದನ್ನು ಅವರೇ ಮಾಡಿ ನೋಡಿ ಅದರಲ್ಲಿ ಸೇರಿಸಲಿ. ಆರನೆಯವನಿಗೆ ಮೊದಲನೆಯವನ ಕಷ್ಟ ಬರಬಾರದು.

ಬಿಸಿಎ_ಮೂರನೇ_ವರ್ಷ

ನೋಟ್‌ಬುಕ್ ನಾನು ತರುತ್ತೇನೆ ಸರ್. ಮೊದಲ ಪುಟದಲ್ಲಿ "ಕೃಷ್ಣಪ್ರಸಾದ 11" ಅಂತ ಬರೆಯುತ್ತೇನೆ. ನಿನ್ನೆ ಮನೆಯಲ್ಲಿ ಮಾಡಿ ನೋಡಿದೆ, ಹನ್ನೊಂದೇ ಬಂತು.

ಪಯಸ್ವಿನಿ_ದಡ

ಈಗ ಒಂದೇ ಪ್ರಶ್ನೆ ಉಳಿದಿದೆ. ರೆಫರೆನ್ಸ್ ಪುಸ್ತಕವನ್ನು ಮನೆಗೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ನಿಘಂಟು, ವಿಶ್ವಕೋಶದ ಜೊತೆ ಬೀರುವಿನಲ್ಲಿ ಇಡುತ್ತೇವೆ. ಇದನ್ನೂ ಅಲ್ಲೇ ಇಡೋದಾ?

ಮಲ್ಲಿಗೆ_ಮನೆ

ಬೀರುವಿಗೆ ಹಾಕಬೇಡಿ ಅಣ್ಣ. ನಾನು ಕಲಿತದ್ದು ರಾತ್ರಿ ಹತ್ತರ ಮೇಲೆ. ವಾಚನಾಲಯ ತೆರೆದಿರುವ ಹೊತ್ತಿಗೆ ನನಗೆ ಬರಲು ಆಗುತ್ತಿರಲಿಲ್ಲ. ಹಾಗೆ ಬರಲಾಗದವರು ನಿಮ್ಮ ಊರಿನಲ್ಲೂ ಇರುತ್ತಾರೆ. ವಾರಕ್ಕೆ ಎರಡು ರಾತ್ರಿಯಾದರೂ ಮನೆಗೆ ಕೊಡಿ.

ಪಯಸ್ವಿನಿ_ದಡ

ಸರಿ ಅಕ್ಕ. ನಾಳೆ ಸಮಿತಿ ಉಂಟು, ಅಲ್ಲಿ ಇಡುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ಕಂಪ್ಯೂಟರಿನ ಪಕ್ಕದ ಮೇಜಿನಲ್ಲಿ, ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಮನೆಗೆ, ಹೀಗೆ ಹೇಳಬೇಕು ಅಂತಿದ್ದೇನೆ. ರಟ್ಟಿಗೆ ಈಗಷ್ಟೇ ಕಂದು ಕಾಗದದ ಹೊದಿಕೆ ಹಾಕಿ ಮುಗಿಸಿದೆ.